ಡಾಕ್ಟ್ರ ನಾಲಿಗೆ

ಚಳ್ಳಕೆರೆಯ ನಮ್ಮ ಡಾಕ್ಟ್ರು ಮೊದಮೊದಲು ನಗಿಸ್ತಾ ಸೂಜಿ ಚುಚ್ಚೋರು. ವರ್ಷ ಕಳೆದಂಗೆ ತಲೆ ಎತ್ತೋದೇ ಬಿಟ್ರು. ದವಾಖಾನೆ ಮುಚ್ತಾರಂತೆ ಅಂತ ಜನ ಆಡ್ಕೊಂತಿದ್ರು.

ಆಗೊಮ್ಮೆ ನನ್ನ ಹೆಂಡ್ತಿಗೆ ಜ್ವರ ಬಂತು.

"ನಾಲಿಗೆ ತೋರ್ಸಮ್ಮ" ಅಂದ್ರು, ಮುಖ ನೋಡದೆ.

"ಮೊದ್ಲು ನಿಮ್ದು ತೋರ್ಸ್ರಿ. ನನಗಿಂತ ನೀವೇ ಸೊರಗೀರಿ."

ನನಗೆ ನಾಚಿಕೆ ಆಯ್ತು. ದೊಡ್ಡ ಮನುಷ್ಯ, ನಿಜವಾಗ್ಲೂ ನಾಲಿಗೆ ಚಾಚಿದ್ರು.

"ಬೆಳ್ಳಗೈತೆ. ಭಾನುವಾರ ಬಾಗಿಲು ಹಾಕಿ ಮಲಗ್ರಿ" ಅಂದ್ಲು.

ಅವತ್ತಿಂದ ಭಾನುವಾರ ಬೀಗ. ಮಿಕ್ಕ ದಿನ ಡಾಕ್ಟ್ರು ಮತ್ತೆ ನಗಿಸೋಕೆ ಹತ್ತಿದ್ರು.

ಆಕೆ ತೀರ್ಕೊಂಡ ಮೇಲೆ, ಮೊನ್ನೆ ಶನಿವಾರ, ಕೆಮ್ಮು ಅಂತ ಮಗ್ಗ ನಿಲ್ಲಿಸಿ ನಮ್ಮೂರು ಮೊಳಕಾಲ್ಮೂರಿಂದ ಚಳ್ಳಕೆರೆಗೆ ಹೋದೆ. ಡಾಕ್ಟ್ರು ಏನೂ ಕೇಳದೆ ತಮ್ಮ ನಾಲಿಗೆ ಚಾಚಿದ್ರು.

"ಕೆಂಪಗೈತ್ರಿ" ಅಂದೆ.

ಔಷಧಿ ಕೇಳೋದು ಮರೆತು ಬಂದೆ. ಮಾರನೇ ದಿನ ಹೋಗೋಣ ಅಂದ್ರೆ ಆಕೆ ಹಾಕ್ಸಿದ ಬೀಗ.