ಬೆಲ್ಲದ ಬೋರನ ಚುಕ್ಕಿಗಳು

ಬೆಲ್ಲದ ಬೋರನನ್ನು ಬರೆದದ್ದು ನಮ್ಮಪ್ಪ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮಾತೇ ಹೊರಡುವುದಿಲ್ಲ. ಬರೆದವಳು ನನ್ನ ಸೋದರತ್ತೆ ಇಂದ್ರಮ್ಮ.

ಮೂವತ್ತೈದು ವರ್ಷದ ಹಿಂದೆ ಮಂಡ್ಯದ ವಾರಪತ್ರಿಕೆಯೊಂದರ ಕೊನೆಯ ಪುಟದ ಚಿತ್ರಕತೆಯಲ್ಲಿ ಬೋರ ಬರುತ್ತಿದ್ದ. ಒಂದಚ್ಚು ಬೆಲ್ಲ ಬಾಯಿಗೆ ಹಾಕಿಕೊಂಡು, ಕೆಂಪು ಟವೆಲ್ಲನ್ನು ಕುತ್ತಿಗೆಗೆ ಗಂಟು ಹಾಕಿ ಆಕಾಶಕ್ಕೆ ಹಾರುವ ಮಹಾಶೂರ. ಬೆಲ್ಲ ಕರಗಿತೋ, ದೊಪ್ಪನೆ ಕಬ್ಬಿನ ಗದ್ದೆಗೆ ಬೀಳುತ್ತಿದ್ದ. ನಾಲೆಯ ತೂಬು ಕದಿಯುವ ತೂಬಾಸುರನನ್ನು ಬಡಿದು, ವಾಪಸ್ ಹಾರಲು ಬೆಲ್ಲವಿಲ್ಲದೆ ಬಸ್ಸು ಹತ್ತಿ ಸೀಟಿಗೆ ಜಗಳವಾಡುತ್ತಿದ್ದ. ಮದ್ದೂರಿನ ಕ್ಷೌರದಂಗಡಿಯಿಂದ ವಿ.ಸಿ. ಫಾರಂನ ಆಳುಗಳವರೆಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಕೆಳಗೆ ಅಚ್ಚಾಗುತ್ತಿದ್ದ ಹೆಸರು ಚಲುವರಾಜು. ನಮ್ಮಪ್ಪ, ಸ್ಕೂಲ್ ಮೇಷ್ಟ್ರು.

ಹೆಣ್ಣುಮಗಳ ಹೆಸರು ಪೇಪರಿನಲ್ಲಿ ಬಂದರೆ ಗಂಡು ಸಿಗುವುದಿಲ್ಲ ಎಂದು ಅಜ್ಜಿ ಹೇಳಿದಳಂತೆ. ಸರಿ, ಬೆಳಕವಾಡಿಗೆ ಮದುವೆ ಮಾಡಿದ್ದೂ ಆಯಿತು. ಆಮೇಲೆ ಯಾವ ಗಂಡು ಹುಡುಕುವುದಿತ್ತು? ಹೆಸರು ಮಾತ್ರ ಬದಲಾಗಲಿಲ್ಲ. ಪ್ರತಿ ಭಾನುವಾರ ಅಪ್ಪ ಬಸ್ಸಿನಲ್ಲಿ ಹೋಗಿ ಅತ್ತೆ ಬರೆದಿಟ್ಟ ಹಾಳೆ ತರುತ್ತಿದ್ದ. ವಾರವಾರ ತಂಗಿಯನ್ನು ನೋಡಲು ಹೋಗುತ್ತಾನೆ, ಎಂಥ ಅಣ್ಣ ಎಂದು ಊರೆಲ್ಲ ಹೊಗಳುತ್ತಿತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅತ್ತೆ ಚಿತ್ರಕಲೆ ಕಲಿತವಳಲ್ಲ, ರಂಗೋಲಿ ಹಾಕುವವಳು. ಹಾಳೆಯ ಮೇಲೆ ಮೊದಲು ಪೆನ್ಸಿಲಿನಲ್ಲಿ ಸಾಲಾಗಿ ಚುಕ್ಕಿ ಇಟ್ಟು, ಅವುಗಳ ಮೇಲೆಯೇ ಬೋರನ ಹೊಟ್ಟೆ, ಮೂಗು, ಟವೆಲ್ಲಿನ ತುದಿ ಎಳೆಯುತ್ತಿದ್ದಳು. ಚುಕ್ಕಿ ಅಳಿಸುತ್ತಿರಲಿಲ್ಲ. ರಂಗೋಲಿಯಲ್ಲಿ ಯಾರು ಅಳಿಸುತ್ತಾರೆ?

ಹೋದ ತಿಂಗಳು ಸ್ವರೂಪ್ ಎಂಬ ಪ್ರಕಾಶಕರು ಬೋರನ ಕತೆಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತೇವೆಂದು ನಮ್ಮ ಮನೆಗೆ ಬಂದರು. ಟ್ರಂಕಿನಿಂದ ಹಳೆಯ ಹಾಳೆಗಳನ್ನು ತೆಗೆದು ಎಲ್ಲರೂ ಓದಿದೆವು. ನಲವತ್ತು ದಾಟಿದ ನನಗೇ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಸ್ವರೂಪ್ ಕೇಳಿದರು, "ಇವೇನು ಸಾರ್, ಎಲ್ಲ ಹಾಳೇಲೂ ಚುಕ್ಕಿ?"

"ನನ್ ತಂಗಿ ಚುಕ್ಕಿ ಇಟ್ಕೊಡೋಳು, ಅಷ್ಟೆಯಾ. ಗೆರೆ, ಕತೆ ಎಲ್ಲ ನಂದೇ" ಎಂದ ಅಪ್ಪ. ನನ್ನ ಮುಖ ನೋಡಲಿಲ್ಲ.

ಮುಖಪುಟಕ್ಕೆ ಹೊಸದಾಗಿ ಒಂದು ಬೋರನನ್ನು ಬರೆದುಕೊಡಿ ಎಂದು ಹೇಳಿ ಸ್ವರೂಪ್ ಹೊರಟರು. ನಾನು ಆ ಕ್ಷಣವೇ ಅತ್ತೆಗೆ ಫೋನ್ ಮಾಡಿ ಅಪ್ಪನ ಮಾತನ್ನು ಇದ್ದ ಹಾಗೇ ಒಪ್ಪಿಸಿದೆ. ಭಾನುವಾರ ಅಪ್ಪ ಹಾಳೆ ಸುತ್ತಿಕೊಂಡು ಬೆಳಕವಾಡಿಗೆ ಹೊರಟಾಗ ನಾನೂ ಬಸ್ಸು ಹತ್ತಿದೆ. ನಾಚಿಕೆಯಿಲ್ಲದ ಮನುಷ್ಯ, ದಾರಿಯಲ್ಲಿ ತಂಗಿಗೆಂದು ಬಾಳೆಹಣ್ಣು ಬೇರೆ ತೆಗೆದುಕೊಂಡ.

ಅತ್ತೆ ಹಾಳೆ ಇಸಿದುಕೊಂಡಳು. ಜಗಲಿಯ ಮೇಲೆ ಕೂತು ಸಾಲುಸಾಲಾಗಿ ಚುಕ್ಕಿ ಇಟ್ಟಳು. ಇಟ್ಟು ಮುಗಿಸಿ ಹಾಳೆ, ಪೆನ್ಸಿಲ್ ಎರಡನ್ನೂ ಅಪ್ಪನ ಮುಂದೆ ತಳ್ಳಿದಳು.

"ಚುಕ್ಕಿ ಇಟ್ಟಿವ್ನಿ ಕಣಣ್ಣ. ಗೆರೆ ನಿಂದಂತಲ್ಲ, ಎಳಿ."

ಅಪ್ಪ ಪೆನ್ಸಿಲ್ ಹಿಡಿದ. ಎರಡು ಚುಕ್ಕಿ ಸೇರಿಸಿದ, ಮೂರನೆಯದಕ್ಕೆ ದಾರಿ ತಿಳಿಯಲಿಲ್ಲ. ಪೆನ್ಸಿಲ್ ಕೆಳಗಿಟ್ಟ.

"ತಪ್ಪಾಯ್ತು ಕಣಮ್ಮ" ಎಂದ ಕೊನೆಗೆ.

"ನಂಗ್ಯಾಕೇಳೀಯೆ? ಬುಕ್ ಮಾಡೋರ್ಗೇಳು ಓಗು" ಎಂದಳು ಅತ್ತೆ.

ನಾನು ಸ್ವರೂಪ್ ಅವರ ನಂಬರ್ ಒತ್ತಿ, ಫೋನನ್ನು ಅಪ್ಪನ ಕಿವಿಗೆ ಹಿಡಿದೆ.