ಬಸವಲಿಂಗಪ್ಪನವರು ಚಾರ್ಜ್ ಕೊಟ್ಟ ಕಥೆ

ದೆಹಲಿಯ ಆ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಯಾರು ಏನನ್ನು ಮುಟ್ಟಬಹುದು, ಯಾರು ಬರೀ ನೋಡಿಕೊಂಡು ಕೂರಬೇಕು ಎಂದು ತೀರ್ಮಾನಿಸುತ್ತಿದ್ದವರು ಸೆಕ್ಷನ್ ಆಫೀಸರ್ ಬಸವಲಿಂಗಪ್ಪನವರು. ಕ್ವಾರ್ಟರ್ಸಿಗೆ ಕಾದಿರುವ ನೌಕರರ ಪಟ್ಟಿ 2003ರಲ್ಲಿ ದಪ್ಪ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಬಂತು. ನಾಲ್ಕು ಮಹಡಿಗಳ ಕಂಪ್ಯೂಟರುಗಳಲ್ಲೂ ಅದೇ ಪಟ್ಟಿ. ಮೊದಲ ವಾರದಲ್ಲೇ ಯಾರೋ ತಮ್ಮ ಹೆಸರನ್ನು ಮೇಲಕ್ಕೆ ಎಳೆದುಕೊಂಡರು, ಇನ್ಯಾರೋ ಅದನ್ನು ಕೆಳಕ್ಕೆ ತಳ್ಳಿದರು, ದೊಡ್ಡ ರಾದ್ಧಾಂತವಾಯಿತು. ಆಗ ಬಸವಲಿಂಗಪ್ಪನವರು ಕೂತು ಒಂದು ವ್ಯವಸ್ಥೆ ಮಾಡಿದರು. ಪಟ್ಟಿಯನ್ನು ಎಲ್ಲರೂ ನೋಡಬಹುದು. ಹೊಸ ಅರ್ಜಿ ಸೇರಿಸುವ ಅನುಮತಿ ಮೂವರಿಗೆ. ಸರದಿ ಸಂಖ್ಯೆ ಬದಲಿಸುವ ಅನುಮತಿ ಒಬ್ಬರಿಗೇ, ಆ ಒಬ್ಬರು ತಾವೇ.

ಜೊತೆಗೊಂದು ಸುತ್ತೋಲೆಯನ್ನೂ ಬರೆದರು. ತಮ್ಮ ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಿದವರೇ ಮುಂದೆ ಆಗುವ ಅನಾಹುತಕ್ಕೆಲ್ಲ ಹೊಣೆ. ಆದರೆ ರಜೆ ಹೋಗುವಾಗ ಕಾಗದದ ಮೇಲೆ ಚಾರ್ಜ್ ವಹಿಸಿಕೊಟ್ಟಿದ್ದರೆ ಹೊಣೆ ವಹಿಸಿಕೊಂಡವರದ್ದು. ಈ ಸುತ್ತೋಲೆಯನ್ನು ಪ್ರತಿ ಗೋಡೆಗೂ ಅಂಟಿಸಿ, ಅದರ ಮುಂದೆ ನಿಂತು ತಾವೇ ಎರಡು ಸಲ ಓದಿಕೊಂಡರು.

ರಾಣೆಬೆನ್ನೂರಿನಿಂದ ಬಂದು ಮೂವತ್ತನಾಲ್ಕು ವರ್ಷ ದೆಹಲಿಯಲ್ಲಿ ಕಳೆದ ಮನುಷ್ಯ. ಒಂದು ಮೆಮೋ ಕೂಡ ತಿಂದವರಲ್ಲ. “ನನ್ನ ಸರ್ವಿಸ್ ಬುಕ್ಕಲ್ಲಿ ಒಂದು ಕೆಂಪು ಗೆರೆ ತೋರಿಸ್ರಿ ನೋಡೋಣ” ಎಂದು ಮದುವೆ ಮುಂಜಿಗಳಲ್ಲೂ ಸವಾಲು ಹಾಕುತ್ತಿದ್ದರು. ಲಂಚ ಮುಟ್ಟಿದವರಲ್ಲ, ಯಾರಿಗೂ ಎತ್ತರದ ದನಿಯಲ್ಲಿ ಗದರಿದವರಲ್ಲ. ಅವರನ್ನು ಒಳ್ಳೆಯವರು ಅನ್ನದೆ ವಿಧಿಯಿಲ್ಲ, ನನಗೆ ಹೊಟ್ಟೆ ಉರಿಯುವುದೂ ಅದಕ್ಕೇ.

2006ರ ಅಕ್ಟೋಬರಿನಲ್ಲಿ, ನಿವೃತ್ತಿಗೆ ಹನ್ನೊಂದು ತಿಂಗಳಿದ್ದಾಗ, ಅವರು ಹೆಂಡತಿ ಶಾರದಮ್ಮನನ್ನು ಕರೆದುಕೊಂಡು ಎಲ್‌ಟಿಸಿ ಮೇಲೆ ಕನ್ಯಾಕುಮಾರಿಗೆ ಹೋದರು. ಸರ್ಕಾರ ಟಿಕೆಟ್ ಕೊಡುವಾಗ ಅಷ್ಟು ದೂರ ಹೋಗದಿದ್ದರೆ ನಷ್ಟ ಎಂಬುದು ದೆಹಲಿ ನೌಕರರ ಲೆಕ್ಕಾಚಾರ. ಹತ್ತೊಂಬತ್ತನೇ ತಾರೀಖು ಬೆಳಿಗ್ಗೆ ಸಮುದ್ರದ ದಂಡೆಯಲ್ಲಿದ್ದಾಗ ಮೊಬೈಲು ಹೊಡೆದುಕೊಂಡಿತು. ಡೆಪ್ಯುಟಿ ಡೈರೆಕ್ಟರ್ ಸಾಹೇಬರು.

“ಬಸವಾಜೀ, ಎರಡು ನಿಮಿಷದ ಕೆಲಸ. ಪಟ್ಟಿಯಲ್ಲಿ ಒಂದು ಸಣ್ಣ ತಿದ್ದುಪಡಿ ಇದೆ. ನಿಮ್ಮ ಪಾಸ್‌ವರ್ಡ್ ಹೇಳಿಬಿಡಿ.”

ಬಸವಲಿಂಗಪ್ಪನವರಿಗೆ ಸುತ್ತೋಲೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಆದರೆ ಸಾಹೇಬರಿಗೆ ಇಲ್ಲವೆನ್ನುವ ಅಭ್ಯಾಸ ಅವರ ನಾಲಿಗೆಗೆ ಇರಲಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

“ಅದ್ಯಾಕ್ರೀ ನನ್ನ ಹೆಸರನ್ನ ಹಾಗೆ ಬಿಡಿಸಿ ಬಿಡಿಸಿ ಹೇಳ್ತಿದೀರಿ?” ಎಂದರು ಪಕ್ಕದಲ್ಲಿದ್ದ ಶಾರದಮ್ಮ.

“ಆಫೀಸಿನ ವಿಷಯ, ನಿಂಗೆ ಬೇಡ” ಎಂದು ಬಸವಲಿಂಗಪ್ಪನವರು ಫೋನು ಜೇಬಿಗಿಳಿಸಿದರು.

ತಿಂಗಳ ಕೊನೆಗೆ ಅವರು ವಾಪಸ್ಸು ಬಂದಾಗ ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕನೆಯವನೊಬ್ಬ ಒಂಬತ್ತಕ್ಕೆ ಏರಿ ಕೂತಿದ್ದ. ಅವನು ಸಾಹೇಬರ ತಂಗಿಯ ಅಳಿಯ ಎಂಬುದು ಸಾಹೇಬರನ್ನೂ ಬಸವಲಿಂಗಪ್ಪನವರನ್ನೂ ಬಿಟ್ಟರೆ ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಒಂಬತ್ತರಿಂದ ಹತ್ತಕ್ಕೆ ಇಳಿದವನು ಸುಮ್ಮನಿರುತ್ತಾನೆಯೇ? ವಿಜಿಲೆನ್ಸಿಗೆ ದೂರು ಕೊಟ್ಟ. ಯಂತ್ರ ತನ್ನ ಕೆಲಸ ನಿಷ್ಠೆಯಿಂದ ಮಾಡಿತ್ತು. ಹತ್ತೊಂಬತ್ತನೇ ತಾರೀಖು, ಹನ್ನೊಂದು ಇಪ್ಪತ್ತು, ಬದಲಿಸಿದವರು ಬಸವಲಿಂಗಪ್ಪ.

ಸಾಹೇಬರು ಕರೆಸಿ ಬಾಗಿಲು ಹಾಕಿಸಿದರು.

“ನೀವು ರಜೆಯಲ್ಲಿದ್ದಿರಿ, ನಿಮ್ಮ ಮೇಲೆ ಬರುವುದಿಲ್ಲ. ಆದರೆ ಯಾರಿಗೆ ಪಾಸ್‌ವರ್ಡ್ ಕೊಟ್ಟಿದ್ದಿರಿ ಅಂತ ಕೇಳುತ್ತಾರೆ. ಯಾರಿಗೆ ಕೊಟ್ಟಿದ್ದಿರಿ?”

ಬಸವಲಿಂಗಪ್ಪನವರು ಅವರ ಮುಖ ನೋಡಿದರು. ಸಾಹೇಬರು ಕಣ್ಣು ತಪ್ಪಿಸಲಿಲ್ಲ.

“ಚಾರ್ಜ್ ಪೇಪರ್ ಅಂತ ಏನೋ ಇರುತ್ತದಲ್ಲ, ನಿಮ್ಮದೇ ಸುತ್ತೋಲೆಯಲ್ಲಿ? ಹುಡುಕಿ. ವಿಚಾರಣೆ ನಡೆಯುತ್ತಿರುವಾಗ ನಿವೃತ್ತರಾದರೆ ಪೆನ್ಷನ್ ಎಷ್ಟು ವರ್ಷ ತಡವಾಗುತ್ತದೋ ನನಗೆ ಗೊತ್ತಿಲ್ಲ.”

ಇಲ್ಲದ ಕಾಗದವನ್ನು ಹುಡುಕುವುದೆಂದರೆ ಏನೆಂದು ಕೇಳಬೇಕಾದ ಅಗತ್ಯ ಮೂವತ್ತನಾಲ್ಕು ವರ್ಷದ ಅನುಭವಕ್ಕೆ ಇರಲಿಲ್ಲ. ಯಾರ ರುಜು ಎಂಬುದೊಂದೇ ಪ್ರಶ್ನೆ. ಕಾಯಂ ನೌಕರರು ಹಿಂದಿನ ತಾರೀಖಿಗೆ ರುಜು ಹಾಕಲು ನೂರು ಪ್ರಶ್ನೆ ಕೇಳುತ್ತಾರೆ, ಯೂನಿಯನ್ನಿಗೆ ಹೋಗುತ್ತಾರೆ. ಪ್ರಶ್ನೆ ಕೇಳದವಳು ಅವರ ಕೋಣೆಯಲ್ಲೇ ಇದ್ದಳು.

ಧಾರಿಣಿ ತುಮಕೂರಿನ ಕಡೆಯವಳು. ಗಂಡ ಕರೋಲ್ ಬಾಗಿನ ಹೋಟೆಲೊಂದರಲ್ಲಿ ಅಡುಗೆಯವನಾಗಿದ್ದು ಕಾಮಾಲೆಯಲ್ಲಿ ತೀರಿಕೊಂಡಿದ್ದ. ನಾಲ್ಕನೇ ಕ್ಲಾಸಿನ ಮಗಳನ್ನು ಕಟ್ಟಿಕೊಂಡು ಊರಿಗೆ ಹೊರಟಿದ್ದವಳನ್ನು ತಡೆದು, ಕಾಂಟ್ರ್ಯಾಕ್ಟ್ ಮೇಲೆ ಡೇಟಾ ಎಂಟ್ರಿ ಕೆಲಸ ಕೊಡಿಸಿದ್ದು ಬಸವಲಿಂಗಪ್ಪನವರೇ. ಹೊಸ ಅರ್ಜಿ ಸೇರಿಸಬಲ್ಲ ಮೂವರಲ್ಲಿ ಅವಳೊಬ್ಬಳು. ಆರು ತಿಂಗಳಿಗೊಮ್ಮೆ ಅವಳ ಕಾಂಟ್ರ್ಯಾಕ್ಟ್ ನವೀಕರಣವಾಗುವಾಗ ಅವರ ಟೇಬಲ್ಲಿನ ಮೇಲೆ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಇರುತ್ತಿತ್ತು.

“ಧಾರಿಣಿ, ನಾನು ರಜೆ ಹೋಗುವಾಗ ಚಾರ್ಜ್ ಪೇಪರ್ ಮಾಡೋದೇ ಮರೆತಿದ್ದೆ ನೋಡಮ್ಮ. ಫೈಲು ಸರಿಯಾಗಿರಲಿ. ಇಲ್ಲೊಂದು ರುಜು ಹಾಕು.”

ದೂರಿನ ವಿಷಯ ಇನ್ನೂ ಅವಳ ಕಿವಿಗೆ ಬಿದ್ದಿರಲಿಲ್ಲ. “ನಂಗೆ ಚಾರ್ಜಾ ಸಾರ್? ನಾನು ಕಾಂಟ್ರ್ಯಾಕ್ಟ್ ಅಲ್ವಾ?”

“ಅದಕ್ಕೇ ಹೇಳ್ತಿರೋದು. ಮುಂದೆ ಪರ್ಮನೆಂಟ್ ಮಾಡೋ ಮಾತು ಬಂದಾಗ ಇಂಥ ಕಾಗದ ಕೆಲಸಕ್ಕೆ ಬರುತ್ತೆ.”

ಈ ಎರಡನೆಯ ಮಾತನ್ನು ಹೇಳಬೇಕೆಂದು ಅವರು ಯೋಚಿಸಿಕೊಂಡು ಬಂದಿರಲಿಲ್ಲ. ಬಾಯಿಗೆ ತಾನಾಗಿ ಬಂತು. ಮನುಷ್ಯ ಒಮ್ಮೆ ಹೊರಟ ಮೇಲೆ ಎಷ್ಟು ಸಲೀಸಾಗಿ ನಡೆಯುತ್ತಾನೆ ನೋಡಿ.

ಧಾರಿಣಿ ಸೆರಗಿಗೆ ಕೈ ಒರೆಸಿಕೊಂಡು, ಉದ್ದಕ್ಕೆ ಪೂರ್ತಿ ಹೆಸರು ಬರೆದಳು. “ತಾರೀಖು ಸಾರ್?”

“ಹನ್ನೆರಡು ಹಾಕು. ನಾನು ಹೊರಟ ದಿನ.”

ಹನ್ನೆರಡು ಎಂದು ಹಾಕಿದಳು. ಆಮೇಲೆ ಸಂಕೋಚದಿಂದ, “ಒಂದು ಝೆರಾಕ್ಸ್ ತಗೊಳ್ಲಾ ಸಾರ್? ಮಗಳಿಗೆ ತೋರಿಸ್ತೀನಿ” ಎಂದಳು.

“ಬೇಡಮ್ಮ, ಕಚೇರಿ ಕಾಗದ ಹೊರಗೆ ಹೋಗಬಾರದು” ಎಂದರು ನಿಯಮ ಪಾಲಿಸುವ ಬಸವಲಿಂಗಪ್ಪನವರು.

ವಿಚಾರಣೆ ನಾಲ್ಕನೇ ದಿನ. ವಿಜಿಲೆನ್ಸಿನ ಅಧಿಕಾರಿ ಹಳೆಯ ಕಾಲದವರು. ಯಂತ್ರ ಹೇಳಿದ್ದನ್ನು ಕಾಗದ ಅನುಮೋದಿಸಿದರೆ ಮಾತ್ರ ಅವರಿಗೆ ನಂಬಿಕೆ. ಚಾರ್ಜ್ ಪೇಪರು ಕೈಗೆ ಸಿಕ್ಕಾಗ ಅವರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಧಾರಿಣಿಯನ್ನು ಒಳಗೆ ಕರೆಯುವ ಮೊದಲು ಬಸವಲಿಂಗಪ್ಪನವರು ಅವಳನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡರು.

“ನಾನು ಆ ನಂಬರು ಮುಟ್ಟೇ ಇಲ್ಲ ಸಾರ್. ನಂಗೆ ನಿಮ್ಮ ಪಾಸ್‌ವರ್ಡೇ ಗೊತ್ತಿಲ್ಲ.”

“ನಂಗೆ ಗೊತ್ತಮ್ಮ. ನಂಗೊಬ್ಬನಿಗೆ ಗೊತ್ತಿದ್ದು ಏನು ಪ್ರಯೋಜನ? ಕಾಗದ ಹಾಗೆ ಹೇಳ್ತಿದೆ.”

“ಆಮೇಲೆ ರುಜು ಹಾಕಿದ್ದು ಅಂತ ಹೇಳ್ಲಾ?”

“ಅಯ್ಯೋ, ಅದನ್ನ ಮಾತ್ರ ಬಾಯಿ ಬಿಡಬೇಡ! ಹಿಂದಿನ ತಾರೀಖು ಹಾಕೋದು ಫೋರ್ಜರಿ. ಹಾಕಿದ ಕೈ ನಿಂದು. ಪೊಲೀಸಿನವರು ಬರ್ತಾರೆ. ಮನೇಲಿ ಹೆಣ್ಣುಮಗು ಇದೆ ನಿಂಗೆ. ತಪ್ಪಿ ಆಯ್ತು ಅಂತ ಹೇಳು. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಅವಳು ತಪ್ಪಿ ಆಯಿತು ಎಂದಳು. ಹಿಂದಿಯಲ್ಲಿ, ಕೈಮುಗಿದುಕೊಂಡು, ಎರಡೆರಡು ಸಲ ಹೇಳಿದಳು. ಬರೆದುಕೊಂಡರು. ಒಂಬತ್ತು ಮತ್ತೆ ಇನ್ನೂರ ಹದಿನಾಲ್ಕಾಯಿತು. ಸಾಹೇಬರ ತಂಗಿಯ ಅಳಿಯನನ್ನು ಯಾರೂ ಏನೂ ಕೇಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಗೇಟಿನಲ್ಲಿ ಧಾರಿಣಿಯ ಪಾಸು ಕಿತ್ತುಕೊಂಡರು. ಅವಳ ಊಟದ ಡಬ್ಬಿ ಮೇಲೆ ಕೋಣೆಯಲ್ಲೇ ಉಳಿದಿತ್ತು. ತರಲು ಒಳಗೆ ಬಿಡಲಿಲ್ಲ. ಬಸವಲಿಂಗಪ್ಪನವರು ಪಟ್ಟಿ ತೆರೆದು ಅವಳ ಹೆಸರಿನ ಮುಂದಿದ್ದ ಅನುಮತಿಗಳನ್ನು ಒಂದೊಂದಾಗಿ ತೆಗೆದರು. ಸೇರಿಸುವುದು, ನೋಡುವುದು. ಯಂತ್ರ ‘ಖಚಿತವೇ?’ ಎಂದು ಎರಡು ಸಲ ಕೇಳಿತು, ಅವರು ಎರಡು ಸಲವೂ ಹೌದೆಂದರು.

ಮುಂದಿನ ಭಾನುವಾರ ಬೆಳಿಗ್ಗೆ ಬಸವಲಿಂಗಪ್ಪನವರ ಪೀತಮ್‌ಪುರದ ಮನೆಯ ಬೆಲ್ಲು ಹೊಡೆದುಕೊಂಡಿತು. ಧಾರಿಣಿ. ಜೊತೆಗೆ ಮಗಳು, ಕೈಯಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ. ಬಸವಲಿಂಗಪ್ಪನವರು ಅರ್ಧ ತೆರೆದ ಬಾಗಿಲನ್ನು ಹಿಡಿದುಕೊಂಡೇ ನಿಂತರು. ಆದರೆ ಅವಳು ಜಗಳಕ್ಕೆ ಬಂದವಳಲ್ಲ.

“ನೀವಿಲ್ದೇ ಇದ್ದಿದ್ರೆ ನಾನು ಸ್ಟೇಷನ್ನಿನಲ್ಲಿ ಇರ್ತಿದ್ದೆ ಸಾರ್. ಸಾಹೇಬರ ಕಾಲು ಹಿಡಿದು ಪೊಲೀಸ್ ಕೇಸು ತಪ್ಪಿಸಿದ್ರಂತೆ. ಸಾಹೇಬರ ಪಿಎ ಹೇಳಿದ್ರು.”

ಆ ಸುಳ್ಳನ್ನು ಪಿಎ ಬಾಯಲ್ಲಿಟ್ಟವರು ಸಾಹೇಬರು. ಬಸವಲಿಂಗಪ್ಪನವರು ಅದನ್ನು ಅಲ್ಲಗಳೆಯಬಹುದಿತ್ತು. “ನನ್ನ ಕೈಲಾದಷ್ಟು ಮಾಡಿದೆ” ಎಂದರು.

ಧಾರಿಣಿ ಮಗಳನ್ನು ಮುಂದೆ ತಳ್ಳಿದಳು. “ತಾತಂಗೆ ನಮಸ್ಕಾರ ಮಾಡು.”

ಮಗು ಬಗ್ಗಿ ಕಾಲು ಮುಟ್ಟಿತು. ಅವರು ತಲೆಯ ಮೇಲೆ ಕೈಯಿಟ್ಟು, ಚೆನ್ನಾಗಿ ಓದು ಎಂದು ಹರಸಿದರು. ಶಾರದಮ್ಮ ಎಲ್ಲರಿಗೂ ಉಪ್ಪಿಟ್ಟು ಕೊಟ್ಟರು.

ಹೊರಡುವಾಗ ಧಾರಿಣಿ ಬಂದ ಕೆಲಸ ಹೇಳಿದಳು. ನೋಯ್ಡಾದ ಒಂದು ಕಂಪನಿಯಲ್ಲಿ ಡೇಟಾ ಕೆಲಸ ಖಾಲಿ ಇದೆ. ಮೊದಲು ಕೆಲಸ ಮಾಡಿದ ಕಡೆಯ ಒಬ್ಬ ದೊಡ್ಡವರ ಹೆಸರು, ಫೋನ್ ನಂಬರು ಬೇಕಂತೆ. “ನಿಮ್ಮದು ಕೊಡ್ಲಾ ಸಾರ್?”

“ಕೊಡಮ್ಮ, ಅದರಲ್ಲೇನು” ಎಂದರು. ಅದನ್ನು ಮನಸ್ಸಿನಿಂದಲೇ ಹೇಳಿದರು. ಈ ಒಂದು ಕಡೆಯಾದರೂ ಅವಳಿಗೆ ಒಳ್ಳೆಯದು ಮಾಡಿ ಋಣ ತೀರಿಸಿಕೊಂಡೇನು ಎಂದು ಆ ಮಧ್ಯಾಹ್ನ ನೆಮ್ಮದಿಯಾಗಿ ಮಲಗಿದರು.

ಗುರುವಾರ ಕಚೇರಿಗೆ ಫೋನು ಬಂತು. ಕಂಪನಿಯ ಹೆಣ್ಣುಮಗಳ ದನಿ, ಮರ್ಯಾದೆಯ ಹಿಂದಿ. ಧಾರಿಣಿಯ ನಡತೆ ಕೇಳಿದಳು, ಚೆನ್ನ ಎಂದರು. ಟೈಪಿಂಗ್ ಕೇಳಿದಳು, ಬಹಳ ಚೆನ್ನ ಎಂದರು.

“ಸರ್, ನಮ್ಮಲ್ಲಿ ಗ್ರಾಹಕರ ದಾಖಲೆಗಳಿವೆ. ತಿದ್ದುವ ಅನುಮತಿ ಅವರಿಗೆ ಕೊಡಬಹುದೇ? ನಿಮ್ಮ ಮಾತನ್ನು ನಾವು ಬರೆದಿಟ್ಟುಕೊಳ್ಳುತ್ತೇವೆ.”

ಬರೆದಿಟ್ಟುಕೊಳ್ಳುತ್ತಾರೆ. ಬಸವಲಿಂಗಪ್ಪನವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. ಇಲ್ಲಿ ಫೈಲಿನಲ್ಲಿ ಅವಳು ತಪ್ಪಿತಸ್ಥೆ, ಅಲ್ಲಿ ತಮ್ಮ ಬಾಯಲ್ಲಿ ಅವಳು ನಂಬಿಕಸ್ಥೆ ಎಂದು ಬರೆದಿದ್ದರೆ? ನಾಳೆ ಯಾರಾದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ? ಇನ್ನು ಹತ್ತು ತಿಂಗಳು.

“ಒಳ್ಳೆ ಹುಡುಗಿ” ಎಂದರು. “ಆದರೆ ಅನುಮತಿ... ನಾನಾಗಿದ್ದರೆ ಕೊಡುತ್ತಿರಲಿಲ್ಲ.”

ಆ ಕಡೆಯವಳು ಥ್ಯಾಂಕ್ಸ್ ಹೇಳಿ ಇಟ್ಟಳು. ಬಸವಲಿಂಗಪ್ಪನವರು ಚಹಾ ತರಿಸಿ ಕುಡಿದರು.

ಎರಡು ದಿನ ಬಿಟ್ಟು ಧಾರಿಣಿಯ ಫೋನು. ಬೂತಿನಿಂದ ಮಾಡಿದ್ದಳು, ಹಿಂದೆ ಬಸ್ಸುಗಳ ಗಲಾಟೆ.

“ಅಲ್ಲಿ ಆಗ್ಲಿಲ್ಲ ಸಾರ್. ಯಾಕೆ ಅಂತ ಹೇಳ್ಲಿಲ್ಲ. ನೀವು ಒಳ್ಳೇದೇ ಹೇಳಿರ್ತೀರಿ ಅಂತ ನಂಗೆ ಗೊತ್ತು, ನನ್ನ ಗ್ರಹಚಾರ. ಇನ್ನೂ ಮೂರು ಕಡೆ ಅರ್ಜಿ ಹಾಕಿದೀನಿ. ಅಲ್ಲೂ ನಿಮ್ಮ ಹೆಸರೇ ಕೊಟ್ಟಿದೀನಿ ಸಾರ್. ನಂಗೆ ಈ ಊರಲ್ಲಿ ಇನ್ಯಾರಿದಾರೆ?”

“ಒಳ್ಳೇದಾಯ್ತಮ್ಮ” ಎಂದರು ಬಸವಲಿಂಗಪ್ಪನವರು. “ಫೋನು ಬಂದ್ರೆ ಹೇಳ್ತೀನಿ.”