ನಾನು ಕೊಡದೆ ಇಟ್ಟುಕೊಂಡ ಪುಸ್ತಕ

ತಿಪಟೂರಿನ ಒಂದು ಸಣ್ಣ ಕಂಪ್ಯೂಟರ್ ಸಂಸ್ಥೆಯಲ್ಲಿ ನಾನು ಏಳು ವರ್ಷದಿಂದ ಪ್ರೋಗ್ರಾಂ ಬರೆಯುತ್ತಿದ್ದೆ. ಕೊಬ್ಬರಿ ಹರಾಜಿನ ಪ್ರೋಗ್ರಾಂ ಪೂರ್ತಿ ನನ್ನದೇ. ಎರಡು ಸಾವಿರದ ಇಸವಿ ದಾಟಿದ ಮೇಲೆ ತಿಪಟೂರು, ತುರುವೇಕೆರೆ, ಹುಳಿಯಾರು ಮೂರೂ ಕಡೆಯ ಹರಾಜನ್ನು ಒಂದೇ ವ್ಯವಸ್ಥೆಗೆ ಸೇರಿಸುವ ದೊಡ್ಡ ಕೆಲಸ ಬಂತು. ಅದಕ್ಕೆ ನಾನು ಬಲ್ಲ ಹಳೆಯ ಭಾಷೆ ಫಾಕ್ಸ್‌ಪ್ರೋ ಸಾಲದು, ಜಾವಾ ಭಾಷೆಯ ಹೊಸ ಫ್ರೇಮ್‌ವರ್ಕ್ ಕಲಿಯಿರಿ ಎಂದರು ಯಜಮಾನರು. ಪರದೆ, ಹರಾಜಿನ ನಿಯಮ, ಮಾಹಿತಿಯ ಉಗ್ರಾಣ, ಮೂರನ್ನೂ ಬೇರೆ ಬೇರೆ ಪದರಗಳಾಗಿ ಬರೆಯಬೇಕಿತ್ತು; ಆಗ ಒಂದನ್ನು ತಿದ್ದಿದರೆ ಉಳಿದವನ್ನು ಮುಟ್ಟಬೇಕಿರಲಿಲ್ಲ.

ಕಲಿಯಲು ಇದ್ದದ್ದು ಒಂದೇ ದಪ್ಪ ಪುಸ್ತಕ. ನಾನು ಓದಿ, ಹೊಸದಾಗಿ ಸೇರಿದ್ದ ಹುಡುಗಿಗೆ ಕೊಡಬೇಕೆಂದು ಮಾತಾಗಿತ್ತು. ಅವಳು ಹುಳಿಯಾರಿನ ಆಚೆಯ ಕುರಿಗಾಹಿಗಳ ಹಟ್ಟಿಯವಳು. ನಾನು ಎರಡು ಸಲ ಓದಿದರೂ ತಲೆಗೆ ಹತ್ತದ್ದು ಅವಳಿಗೆ ಒಂದು ಸಲ ಕೇಳಿದರೆ ಸಾಕು. ಮೂರನೆಯ ಅಧ್ಯಾಯಕ್ಕೇ ನಾನು ನಿಂತುಹೋದೆ. ಆದರೂ ಪುಸ್ತಕ ಕೊಡಲಿಲ್ಲ. ಕೇಳಿದಾಗಲೆಲ್ಲ ಇನ್ನೂ ಮುಗಿದಿಲ್ಲ ಅಂದೆ. ಅವಳು ಭಾನುವಾರ ಭಾನುವಾರ ಬಸ್ಸು ಹತ್ತಿ ತುಮಕೂರಿಗೆ ಹೋಗಿ, ಯಾರೋ ಮೇಷ್ಟ್ರ ಪ್ರತಿಯಿಂದ ಕೈಯಲ್ಲಿ ಬರೆದುಕೊಂಡು ಬರುತ್ತಿದ್ದಳು. ಅದು ಗೊತ್ತಾದ ದಿನ ನನಗೆ ನಾಚಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ಯಾರ ಮಾದರಿ ಚೆನ್ನಾಗಿರುತ್ತದೋ ಅವರಿಗೇ ಈ ಕೆಲಸದ ಮುಂದಾಳತ್ವ ಎಂದಿದ್ದರು ಯಜಮಾನರು. ಇಬ್ಬರೂ ಮಾದರಿ ತೋರಿಸಬೇಕಾದ ದಿನ ಅವರು ಹರಾಜಿನ ಒಂದು ನಿಯಮ ಬದಲಿಸಿದರು: ಕೊಬ್ಬರಿಯ ಒಂದೇ ರಾಶಿಗೆ, ಅಂದರೆ ಲಾಟಿಗೆ, ಇಬ್ಬರು ವರ್ತಕರು ಒಂದೇ ದರ ಬರೆದರೆ ಮೊದಲು ಬರೆದವನಿಗೆ ಹೋಗಬೇಕು. ಪದರ ಬೇರ್ಪಡಿಸದೆ ಬರೆದಿದ್ದ ನಾನು ಹನ್ನೊಂದು ಕಡೆ ತಿದ್ದಬೇಕಾಯಿತು. ಅವಳು ಒಂದು ಕಡೆ ತಿದ್ದಿ ಕೈಕಟ್ಟಿ ಕೂತಳು. ಮುಂದಾಳತ್ವ ಅವಳ ಪಾಲಾಯಿತು.

ಮಾರನೆಯ ದಿನ ನನ್ನ ಮೇಜಿನ ಬಳಿ ಬಂದಳು. "ಅಕ್ಕ, ಹರಾಜಿನ ಒಳಗುಟ್ಟು ನಿಮ್ಗೇ ಗೊತ್ತಿರೋದು. ನೀವು ಹೇಳ್ಕೊಡಿ, ನಾನು ಬರಿಯೋದು ಹೇಳ್ಕೊಡ್ತೀನಿ."

ಅವಳ ಆ ಸೌಜನ್ಯವೂ ನನ್ನನ್ನು ಚುಚ್ಚಿತು. ಪುಸ್ತಕ ತೆಗೆದು ಅವಳ ಮುಂದಿಟ್ಟೆ. "ಬೇಕಂತ್ಲೇ ಕೊಡ್ಲಿಲ್ಲ ಕಣೇ."

"ಗೊತ್ತಿತ್ತು ಬುಡಿ ಅಕ್ಕ. ಆದ್ರೆ ನೀವು ಪೂರ್ತಿ ಓದ್ತಾ ಇದೀರಾ, ನನ್ನ ಹಿಂದೆ ಹಾಕ್ಬುಡ್ತೀರಾ ಅಂತ ಹೆದ್ರಿ ತುಮಕೂರಿಗೆ ಹೋಗಿ ಓದ್ದೆ."

ಆರು ತಿಂಗಳು ಅವಳ ಪಕ್ಕದಲ್ಲಿ ಕೂತು ಕಲಿತೆ. ಕಲಿಸುವಾಗ ಅವಳು ಒಮ್ಮೆಯೂ ದನಿ ಏರಿಸಲಿಲ್ಲ. ಮೂರೂ ಕಡೆ ಹರಾಜು ಸರಾಗವಾಗಿ ನಡೆಯಿತು. ಹುಳಿಯಾರಿನ ವರ್ತಕರು ಎಲ್ಲರೆದುರು ಅವಳನ್ನು ಹೊಗಳುವಾಗ ನಾನೂ ಚಪ್ಪಾಳೆ ತಟ್ಟಿದೆ, ಆಮೇಲೆ ಟೀ ಕುಡಿಯುವ ನೆಪದಲ್ಲಿ ಹೊರಗೆ ಹೋದೆ.